ಸ್ವಂತ ಕಾರಿನ ಪೆಟ್ರೋಲ್ ಲೈನ್ ಬಿಚ್ಚುವುದು ಅಪರಾಧವೇ?

ಮೈಸೂರು ಜಿಲ್ಲೆಯ ಪಡುವಣ ಮಗ್ಗುಲಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಗಾಡಿಗಳ ನಂಬರು ಶುರುವಾಗುವುದು ಕೆಎ-45ರಿಂದ. ಹುಣಸೂರಿನ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದ ಈ ಗಾಡಿಗಳ ಜೊತೆಗೆ ಬೆಂಗಳೂರು, ಮೈಸೂರಿನ ನಂಬರು ಹೊತ್ತು ಬಂದ ಸೆಕೆಂಡ್ ಹ್ಯಾಂಡ್ ಕಾರುಗಳೂ ಇಲ್ಲಿನ ಹಳ್ಳಿಗಳಲ್ಲಿ ಓಡಾಡುತ್ತವೆ. ತಂಬಾಕು ಹರಾಜಿನ ದುಡ್ಡು ಕೈಗೆ ಬಂದ ವರ್ಷ ಕೊಂಡ ಮಾರುತಿ 800, ಮದುವೆಗೂ ಆಸ್ಪತ್ರೆಗೂ ಸಂತೆಗೂ ಒದಗುವ ಓಮ್ನಿ, ಹೊಲದ ದಾರಿಯಲ್ಲಿ ಕುಲುಕಾಡಿ ಹಳತಾದ ಜೀಪು. ಇವುಗಳಿಗೆ ವಯಸ್ಸಾದ ಹಾಗೆ ಇಂಧನದ ತಾಪತ್ರಯ ತಪ್ಪದು. ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ, ಏರಿನಲ್ಲಿ ಎಳೆಯುವುದಿಲ್ಲ, ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲ್ ವಾಸನೆ.

ಈ ಸೀಮೆಯ ರೈತರಿಗೆ ಎಂಜಿನ್ ಹೊಸದಲ್ಲ. ಡೀಸೆಲ್ ಪಂಪ್‌ಸೆಟ್ಟಿನ ಲೈನಿನಲ್ಲಿ ಏರ್ ಹಿಡಿದರೆ ನಟ್ಟು ಸಡಿಲಿಸಿ ಏರ್ ತೆಗೆಯುವುದು, ಪವರ್ ಟಿಲ್ಲರಿನ ಫಿಲ್ಟರ್ ಬದಲಿಸುವುದು, ಬೈಕಿನ ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ ಮತ್ತೆ ಕೂರಿಸುವುದು ಅವರ ಕೈಗೆ ಪಳಗಿದ ಕೆಲಸ. ಅದೇ ಕೈ ಮನೆಯಂಗಳದಲ್ಲಿ ನಿಂತ ಕಾರಿನ ಬಾನೆಟ್ ಎತ್ತಿದಾಗ ಮಾತ್ರ ಒಂದು ಅಳುಕು ಹುಟ್ಟುತ್ತದೆ. ಪೆಟ್ರೋಲ್ ಪೈಪು, ಪಂಪು, ಟ್ಯಾಂಕುಗಳನ್ನು ಮಾಲೀಕನೇ ರಿಪೇರಿ ಮಾಡಿಕೊಳ್ಳಲು ಕಾನೂನು ಬಿಡುತ್ತದೆಯೇ? ನಾಳೆ ಎಫ್‌ಸಿಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಕೇಳಿದರೆ? ಏನಾದರೂ ಅನಾಹುತವಾದರೆ?

ನೇರ ಉತ್ತರವಿದೆ. ತನ್ನ ಕಾರಿನ ಇಂಧನ ವ್ಯವಸ್ಥೆಯನ್ನು ತಾನೇ ರಿಪೇರಿ ಮಾಡಿಕೊಳ್ಳಬಾರದು ಎಂದು ಹೇಳುವ ಕಾನೂನು ಭಾರತದಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಾಗಲಿ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಾಗಲಿ ಸ್ಪ್ಯಾನರ್ ಹಿಡಿಯುವವನ ಬಳಿ ಸರ್ಟಿಫಿಕೇಟ್ ಕೇಳುವುದಿಲ್ಲ. ಹಣ ಪಡೆದು ಊರವರ ಗಾಡಿಗಳನ್ನು ರಿಪೇರಿ ಮಾಡುವ ಗ್ಯಾರೇಜಿಗೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ಪರವಾನಗಿ ಬೇಕು. ಸ್ವಂತ ಗಾಡಿಯ ಕೆಲಸ ವ್ಯಾಪಾರವಲ್ಲವಾದ್ದರಿಂದ ಅದಕ್ಕೆ ಬೇಡ.

ಆದರೆ ಈ ಉತ್ತರವನ್ನು ಕೇಳಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಮಾಲೀಕನಿಗೆ ಗೊತ್ತಿರಬೇಕಾದ ಸಂಗತಿಗಳು ಬೇರೆ ಬೇರೆ ಕಾಯ್ದೆಗಳಲ್ಲಿ ಚದುರಿ ಬಿದ್ದಿವೆ. ಒಂದೊಂದನ್ನೂ ಓದಿದರೆ ಕಾಣುವುದು ಇಷ್ಟು: ಗಾಡಿಯನ್ನು ಮುಟ್ಟಿದ ಕೈ ಯಾರದು ಎಂದು ಕಾನೂನು ವಿಚಾರಿಸುವುದಿಲ್ಲ, ಆ ಕೈ ಬಿಟ್ಟ ಮೇಲೆ ಗಾಡಿ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುತ್ತದೆ. ಈ ಏರ್ಪಾಡು ಸರಿಯಾದದ್ದು, ಹೀಗೆಯೇ ಉಳಿಯಬೇಕಾದದ್ದು. ಅದು ಉಳಿಯಬೇಕಾದರೆ ಮಾಲೀಕನಿಗೆ ತಿಳಿವಳಿಕೆ ಸಿಗಬೇಕು. ನಮ್ಮಲ್ಲಿ ಕೊರತೆಯಿರುವುದು ಅದೇ.

ಮೊದಲ ಗೆರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನದು. ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ ಅದು. ಮಾರ್ಪಾಡು ಎಂದರೇನೆಂದು ಅದೇ ಕಲಮು ವಿವರಿಸಿದೆ: ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದಿತು. ಅದೇ ವರ್ಷದ ತಿದ್ದುಪಡಿ 182ಎ ಎಂಬ ಹೊಸ ಕಲಮನ್ನು ತಂದು, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ಇಟ್ಟಿತು.

ಇದನ್ನು ಕೇಳಿ ಫಿಲ್ಟರ್ ಬದಲಿಸಿದವನು ಹೆದರಬೇಕಾಗಿಲ್ಲ. ಬಿರುಕು ಬಿಟ್ಟ ಪೆಟ್ರೋಲ್ ಹೋಸನ್ನು ಅದೇ ಅಳತೆಯ ಹೊಸ ಹೋಸಿನಿಂದ ಬದಲಿಸುವುದು, ಕಟ್ಟಿಕೊಂಡ ಇಂಜೆಕ್ಟರ್ ತೊಳೆಯುವುದು, ಸತ್ತ ಪಂಪಿನ ಜಾಗದಲ್ಲಿ ಅದೇ ಮಾದರಿಯ ಪಂಪ್ ಕೂರಿಸುವುದು, ತುಕ್ಕು ಹಿಡಿದ ಟ್ಯಾಂಕನ್ನು ಕಂಪನಿಯದೇ ಟ್ಯಾಂಕಿನಿಂದ ಬದಲಿಸುವುದು ಇವೆಲ್ಲ ರಿಪೇರಿ. ಆರ್‌ಸಿಯ ಒಂದಕ್ಷರವೂ ಇದರಿಂದ ಬದಲಾಗದು. ಎರಡನೆಯ ಟ್ಯಾಂಕು ಅಳವಡಿಸಿದರೆ, ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿದರೆ, ಪೆಟ್ರೋಲಿನ ಜೊತೆಗೆ ಗ್ಯಾಸ್ ಸೇರಿಸಿದರೆ ಗೆರೆ ದಾಟಿದಂತೆ. ಆರ್‌ಸಿಯಲ್ಲಿ ಇಂಧನ ಎಂಬ ಕಾಲಮ್ಮು ಇರುವುದೇ ಅದಕ್ಕಾಗಿ.

ಎರಡನೆಯ ಕಾಯ್ದೆ ಕಾರಿಗಿಂತ ಹಳೆಯ ಕಾಲದ್ದೇನೋ ಅನ್ನಿಸುವಷ್ಟು ಹಿಂದಿನದು: 1934ರ ಪೆಟ್ರೋಲಿಯಂ ಕಾಯ್ದೆ. ಟ್ಯಾಂಕ್ ಬಿಚ್ಚುವವನು ಮೊದಲು ಅದರೊಳಗಿನ ಪೆಟ್ರೋಲನ್ನು ಎಲ್ಲಿಗಾದರೂ ಸುರಿಯಬೇಕಲ್ಲ, ಆ ಕ್ಷಣಕ್ಕೆ ಈ ಕಾಯ್ದೆ ಅನ್ವಯಿಸುತ್ತದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲ ಆವಿ ಬಿಡುವ ಇಂಧನವೆಲ್ಲ ಇದರ ಲೆಕ್ಕದಲ್ಲಿ ‘ಎ’ ವರ್ಗ. ಪೆಟ್ರೋಲ್ ಆ ಮಿತಿಗಿಂತ ಎಷ್ಟೋ ಕೆಳಗೆ, ಸೊನ್ನೆಗಿಂತ 43 ಡಿಗ್ರಿಯಷ್ಟು ಕೆಳಗೇ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಮಾರಾಟಕ್ಕಲ್ಲದ ‘ಎ’ ವರ್ಗದ ಇಂಧನವನ್ನು 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಗಾಜು, ಪಿಂಗಾಣಿ ಅಥವಾ ಲೋಹದ್ದಾಗಿದ್ದು ಬಿಗಿಯಾದ ಮುಚ್ಚಳವಿರಬೇಕು; ಗಾಜು, ಪಿಂಗಾಣಿಯಾದರೆ ಒಂದು ಲೀಟರ್, ಲೋಹವಾದರೆ 25 ಲೀಟರ್ ಮೀರಬಾರದು. ಹಳ್ಳಿಯ ಮನೆಗಳಲ್ಲಿ ಮೂಲೆಗೆ ನಿಂತಿರುವ ನೀರಿನ ಪ್ಲಾಸ್ಟಿಕ್ ಬಾಟಲಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಡೀಸೆಲ್ ‘ಬಿ’ ವರ್ಗಕ್ಕೆ ಸೇರುವುದರಿಂದ ಅದಕ್ಕೆ ಸಡಿಲಿಕೆ ಹೆಚ್ಚು, 2,500 ಲೀಟರ್‌ವರೆಗೆ ಲೈಸೆನ್ಸ್ ಬೇಡ. ಕಾಯ್ದೆ ಬರೆದವರಿಗೆ ಎರಡು ಇಂಧನಗಳ ಗುಣದ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಟ್ಯಾಂಕಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮನೆಯಲ್ಲೇ ಮಾಡುವ ರಿಪೇರಿಯಲ್ಲಿ ಪ್ರಾಣ ತೆಗೆಯುವ ಜಾಗ ಇದು. ಟ್ಯಾಂಕ್ ಸೋರಿದರೆ ಹಳ್ಳಿಯ ಮೊದಲ ಮದ್ದು ಬಟ್ಟೆ ಸೋಪು; ಸೋರುವ ಜಾಗಕ್ಕೆ ಉಜ್ಜಿ ಬಂಕಿನವರೆಗೆ ಹೇಗೋ ತಲುಪುತ್ತಾರೆ. ಎರಡನೆಯದು ಎಂ-ಸೀಲ್. ಮೂರನೆಯದು ಬೆಸುಗೆ, ಅಪಾಯವಿರುವುದು ಅಲ್ಲಿಯೇ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯದ್ದು ಎಂದರೆ ನಂಬುವವರು ಕಡಿಮೆ. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಶೇ 1.4ರಿಂದ 7.6ರ ಒಳಗಿದ್ದಾಗ ಒಂದು ಕಿಡಿಗೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವಿಲ್ಲ. ಖಾಲಿ ಮಾಡಿ, ಬಿಸಿಲಿಗಿಟ್ಟು, ‘ಒಣಗಿದೆ’ ಎಂದುಕೊಂಡ ಟ್ಯಾಂಕಿನ ಮಡಿಕೆಗಳಲ್ಲಿ, ತುಕ್ಕಿನ ಪದರಗಳಲ್ಲಿ ಉಳಿದ ನಾಲ್ಕು ಹನಿ ಪೆಟ್ರೋಲ್ ವೆಲ್ಡಿಂಗ್ ಕಾವಿಗೆ ಆವಿಯಾಗಿ, ಒಳಗಿರುವ ಗಾಳಿಯೊಂದಿಗೆ ಸರಿಯಾದ ಹದಕ್ಕೆ ಬೆರೆಯುತ್ತದೆ. ಆ ಕ್ಷಣ ಟ್ಯಾಂಕು ಬಾಂಬಿಗಿಂತ ಬೇರೆಯಲ್ಲ.

2002ರ ಪೆಟ್ರೋಲಿಯಂ ನಿಯಮಗಳು ಈ ವಿಷಯದಲ್ಲಿ ಕಟ್ಟುನಿಟ್ಟಾಗಿವೆ. ಪೆಟ್ರೋಲಿಯಂ ಇದ್ದ ಪಾತ್ರೆಯನ್ನು ಪೂರ್ತಿ ಸ್ವಚ್ಛಮಾಡಿ ಆವಿರಹಿತಗೊಳಿಸದೆ ಕಾವಿನ ಕೆಲಸಕ್ಕೆ ಒಡ್ಡಬಾರದು ಎಂಬುದು ಅವುಗಳ ಧೋರಣೆ. ದೊಡ್ಡ ಡಿಪೊಗಳನ್ನೂ ಟ್ಯಾಂಕರ್‌ಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವಾದರೂ 28 ಲೀಟರಿನ ಕಾರ್ ಟ್ಯಾಂಕಿಗೆ ಭೌತಶಾಸ್ತ್ರವೇನೂ ಬದಲಾಗದು. ಆದ್ದರಿಂದ ತೂತುಬಿದ್ದ ಟ್ಯಾಂಕಿನ ವಿಷಯದಲ್ಲಿ ಒಂದೇ ಮಾತು: ಮನೆಯಲ್ಲಿ ವೆಲ್ಡಿಂಗ್ ಬೇಡ, ಪಕ್ಕದ ವೆಲ್ಡಿಂಗ್ ಶಾಪಿನವನು ಒಪ್ಪಿದರೂ ಬೇಡ. ಬೇರೆ ಟ್ಯಾಂಕು ಹಾಕಿಸಬೇಕು.

ಈಗ ಗ್ಯಾಸಿನ ಕತೆ. ಇಂಧನ ಬದಲಿಸಿ ಗಾಡಿ ಓಡಿಸುವುದು ಮೈಸೂರು ಸೀಮೆಗೆ ಹೊಸತಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇಲ್ಲಿನ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಬಸ್ಸಿನ ಹಿಂಭಾಗದಲ್ಲಿ ಒಲೆಯಂಥ ಉಕ್ಕಿನ ಸಿಲಿಂಡರು, ಅದರೊಳಗೆ ಇದ್ದಿಲು, ಹೊರಡುವ ಮುಂಚೆ ಕ್ಲೀನರ್ ಗಾಳಿಯ ಚಕ್ರ ತಿರುಗಿಸಿ ಕೆಂಡ ಮಾಡಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಆಗ ಸರ್ಕಾರಗಳೇ ಅದನ್ನು ಪ್ರೋತ್ಸಾಹಿಸಿದ್ದವು. ಅಗ್ಗದ ಇಂಧನ ಕಂಡಾಗ ಎಂಜಿನ್ನನ್ನು ಅದಕ್ಕೆ ಒಗ್ಗಿಸುವ ಜಾಣ್ಮೆ ಜನರಲ್ಲಿ ಅಂದಿನಿಂದಲೂ ಇದೆ. ಓಮ್ನಿಗೆ ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಮಲಗಿಸಿ ಓಡಿಸಿದ್ದು ಅದೇ ಜಾಣ್ಮೆಯ ಮುಂದುವರಿಕೆ, ಆದರೆ ಭಯಂಕರವಾದ ಮುಂದುವರಿಕೆ.

ಮೋಟಾರು ವಾಹನ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ಬರುವ ತನಕ ಎಲ್‌ಪಿಜಿಯಿಂದ ಕಾರು ಓಡಿಸಲು ನಮ್ಮಲ್ಲಿ ಕಾನೂನಿನ ದಾರಿಯೇ ಇರಲಿಲ್ಲ. 2001ರಲ್ಲಿ ವಾಹನಗಳಲ್ಲಿ ಎಲ್‌ಪಿಜಿ ಬಳಕೆಯನ್ನು ನಿಯಂತ್ರಿಸುವ ಆದೇಶ ಬಂತು. ಇಂದು ದಾರಿಯಿದೆ, ಅದರ ಎರಡೂ ಬದಿಗೆ ಬೇಲಿಯೂ ಇದೆ. ಕಿಟ್ಟು ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಲ್ಲಿ ತೇರ್ಗಡೆಯಾಗಿರಬೇಕು. ಆ ಮಾದರಿಯ ಕಾರಿಗೆಂದೇ ತೇರ್ಗಡೆಯಾಗಿರಬೇಕು. ಅಧಿಕೃತ ಅಳವಡಿಕೆದಾರರೇ ಕೂರಿಸಬೇಕು. ಸಾರಿಗೆ ಕಚೇರಿಯಲ್ಲಿ ಆರ್‌ಸಿಗೆ ನಮೂದಾಗಬೇಕು. 2022ರಿಂದ ಬಿಎಸ್-6 ಪೆಟ್ರೋಲ್ ಕಾರುಗಳಿಗೂ ಈ ಅವಕಾಶ ತೆರೆದಿದೆ. ಮನೆಯಲ್ಲಿ ಮಾಲೀಕನೇ ಗ್ಯಾಸ್ ಕಿಟ್ಟು ಕೂರಿಸುವುದಕ್ಕೆ ಇಲ್ಲಿ ಎಡೆಯಿಲ್ಲ. ಅಡುಗೆ ಸಿಲಿಂಡರಿನ ಗ್ಯಾಸನ್ನು ಕಾರಿಗೆ ಬಳಸುವುದಂತೂ 1955ರ ಅಗತ್ಯ ವಸ್ತುಗಳ ಕಾಯ್ದೆಯ ಕೈಗೆ ಸಿಕ್ಕಿಬೀಳುವ ಕೆಲಸ. ಅದರ ಶಿಕ್ಷೆ ಏಳು ವರ್ಷದವರೆಗೆ ಹೋಗಬಹುದು.

ಈ ಬಿಗಿ ಅನ್ಯಾಯವೆಂದು ವಾದಿಸುವವರಿದ್ದಾರೆ. ತನ್ನದೇ ಕಾರು, ತನ್ನದೇ ಸಿಲಿಂಡರು, ತೊಂದರೆ ಏನು ಎನ್ನುತ್ತಾರೆ. ತೊಂದರೆ ಸಿಲಿಂಡರಿನ ರಚನೆಯಲ್ಲೇ ಇದೆ. ಅಡುಗೆ ಸಿಲಿಂಡರು ನೆಟ್ಟಗೆ ನಿಂತು ಮೇಲಿನ ಆವಿಯನ್ನಷ್ಟೇ ಬಿಡುವುದಕ್ಕೆ ಮಾಡಿದ್ದು. ಕಾರಿನ ಗ್ಯಾಸ್ ಟ್ಯಾಂಕು ಕೊಡುವುದು ದ್ರವವನ್ನು. ಅದಕ್ಕೆ ಶೇ 80 ತುಂಬಿದೊಡನೆ ತಾನೇ ನಿಲ್ಲಿಸುವ ವಾಲ್ವ್ ಇದೆ, ಪೈಪು ತುಂಡಾದರೆ ಹರಿವು ತಡೆಯುವ ವ್ಯವಸ್ಥೆ ಇದೆ, ಗಾಡಿಯ ತಳಕ್ಕೆ ಬಿಗಿದ ಪಟ್ಟಿಗಳಿವೆ. ಸೋರಿದ ದ್ರವ ಗ್ಯಾಸು ಸುಮಾರು 250 ಪಟ್ಟು ಹಿಗ್ಗುತ್ತದೆ, ಗಾಳಿಗಿಂತ ಭಾರವಾದ್ದರಿಂದ ಸೀಟಿನ ಕೆಳಗೆ ಕೂರುತ್ತದೆ. ಓಮ್ನಿಯಲ್ಲಿ ಆ ಸೀಟಿನ ಮೇಲೆ ಕೂರುವವರು ಶಾಲೆಯ ಮಕ್ಕಳಾಗಿರಬಹುದು. ಸ್ವಂತ ಕಾರು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆದರೂ ಒಂದು ಮಾತನ್ನು ಸರ್ಕಾರಕ್ಕೂ ಹೇಳಬೇಕು: ಆಟೊ ಎಲ್‌ಪಿಜಿ ಬಂಕು ಹತ್ತಿರದಲ್ಲಿಲ್ಲದ ಊರಿನಲ್ಲಿ ಕಾನೂನಿನ ದಾರಿ ತೋರಿಸಿ ಕೈತೊಳೆದುಕೊಂಡರೆ ಜನ ಕಳ್ಳದಾರಿ ಹಿಡಿಯುತ್ತಾರೆ.

ರಿಪೇರಿ ಮುಗಿಸಿ ಗಾಡಿ ರಸ್ತೆಗಿಳಿದ ಮೇಲೆ ಮಾಲೀಕನ ಹೊಣೆ ಶುರುವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 190ನೇ ಕಲಮು ದೋಷವಿರುವ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವವನ ಬಗ್ಗೆ ಹೇಳುತ್ತದೆ. ದೋಷ ಅವನಿಗೆ ಗೊತ್ತಿದ್ದರೆ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿದ್ದರೆ, ಕಾಯ್ದೆಯ ಪ್ರಕಾರ 1,500 ರೂಪಾಯಿ ದಂಡ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ, ಇಲ್ಲವೇ ಎರಡೂ. ‘ಸಾಮಾನ್ಯ ಎಚ್ಚರ’ ಎಂಬ ಆ ಅಳತೆಗೋಲು ಗಮನಿಸಬೇಕಾದದ್ದು. ಮೆಕ್ಯಾನಿಕ್ ರಿಪೇರಿ ಮಾಡಿದ ಗಾಡಿಯಲ್ಲಿ ಕ್ಲಿಪ್ಪು ಸಡಿಲವಾಗಿತ್ತು ಎಂದಾದರೆ ಮಾಲೀಕನಿಗೆ ಹೇಳಲು ಒಂದು ಮಾತಾದರೂ ಇರುತ್ತದೆ. ತಾನೇ ಬಿಗಿದ ಕ್ಲಿಪ್ಪು ಸಡಿಲವಾಗಿದ್ದರೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು ಅಂಗಳದೊಳಕ್ಕೂ ಬರುತ್ತದೆ. ಬೆಂಕಿ ಅಥವಾ ಉರಿಯುವ ವಸ್ತುವಿನ ವಿಷಯದಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕವಾಗಿ ನಡೆದುಕೊಂಡರೆ, ಏನೂ ಹೊತ್ತಿ ಉರಿಯದಿದ್ದರೂ, ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವು ಸಂಭವಿಸಿದರೆ 106ನೇ ಕಲಮಿನಡಿ ಐದು ವರ್ಷದವರೆಗೆ. ಇಟ್ಟಿಗೆ ಗೋಡೆಗಳು ಅಂಟಿಕೊಂಡಿರುವ ಹುಣಸೂರಿನ ಹಳೇ ಬೀದಿಗಳಲ್ಲಿ, ಒಂದು ಮನೆಯ ಹಿತ್ತಿಲಿಗೆ ಇನ್ನೊಂದು ಮನೆಯ ಒಲೆ ತಾಗಿಕೊಂಡಿರುವ ಕಡೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ನೆಲದ ಮೇಲೆ ಹರಿದು, ಚರಂಡಿಯ ಗುಂಟ ಸಾಗಿ, ನಾಲ್ಕು ಮಾರು ದೂರದ ಒಲೆಯನ್ನು ಹುಡುಕಿಕೊಂಡು ಹೋಗಬಲ್ಲದು. ಉಳಿದ ಕೊಳಕು ಪೆಟ್ರೋಲನ್ನು ಚರಂಡಿಗೆ ಸುರಿದರೆ ಅದು ಹುಣಸೂರಿನಲ್ಲಿ ಲಕ್ಷ್ಮಣತೀರ್ಥಕ್ಕೆ, ಕೆ.ಆರ್. ನಗರದಲ್ಲಿ ಕಾವೇರಿಗೆ ಸೇರುವ ನೀರು. 1974ರ ಜಲ ಮಾಲಿನ್ಯ ತಡೆ ಕಾಯ್ದೆ ಅದನ್ನು ನಿಷೇಧಿಸಿ ಐವತ್ತು ವರ್ಷವಾಯಿತು.

ಕಾನೂನಿನ ಕೈಗೆ ರಿಪೇರಿಯ ಗುಣವನ್ನು ಅಳೆಯುವ ಒಂದು ಉಪಕರಣವೂ ಇದೆ. ಜನ ಎಮಿಷನ್ ಟೆಸ್ಟ್ ಎನ್ನುವ ಪರೀಕ್ಷೆ ಅದು. ಬಿಎಸ್-4 ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿರುವಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೊಕಾರ್ಬನ್ 200 ಪಿಪಿಎಂ ಮೀರಬಾರದು. ಇಂಜೆಕ್ಟರ್ ಸರಿಯಾಗಿ ಕೂರದಿದ್ದರೆ, ಗಾಳಿ-ಪೆಟ್ರೋಲಿನ ಹದ ತಪ್ಪಿದರೆ ಈ ಅಂಕಿಗಳು ಚಾಡಿ ಹೇಳುತ್ತವೆ. ಮೀರಿದರೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡಕ್ಕೂ ಲೈಸೆನ್ಸಿನ ಅಮಾನತಿಗೂ ಅವಕಾಶವಿದೆ. ಮನೆಯಲ್ಲಿ ಇಂಧನದ ಕೆಲಸ ಮಾಡಿದವರು ಹಳೆಯ ಸರ್ಟಿಫಿಕೇಟಿನ ಅವಧಿ ಇನ್ನೂ ಇದ್ದರೂ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಹಾಕಿದ ಬಿಡಿಭಾಗದ ಬಿಲ್ಲಿನ ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು. ಕಾನೂನು ಹಾಗೆ ಕೇಳುವುದಿಲ್ಲ. ಆದರೆ ನಾಳೆ ವಿಮಾ ಕಂಪನಿಯ ಸರ್ವೇಯರ್ ಬಂದು ನಿಂತಾಗ ಸಾಮಾನ್ಯ ಎಚ್ಚರ ವಹಿಸಲಾಗಿತ್ತು ಎಂದು ತೋರಿಸಲು ಆ ಎರಡು ಚೀಟಿಗಿಂತ ದೊಡ್ಡ ಸಾಕ್ಷಿ ಬೇರೆಯಿಲ್ಲ. ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗದ ಗ್ಯಾಸ್ ಕಿಟ್ಟಿದ್ದ ಕಾರಿಗೆ ಬೆಂಕಿ ತಗುಲಿದರೆ ಮಾತ್ರ ಯಾವ ಚೀಟಿಯೂ ಕಾಪಾಡದು.

ಇಷ್ಟೆಲ್ಲ ಅಪಾಯವಿದ್ದರೆ ಮಾಲೀಕನ ಕೈಯಿಂದ ಈ ಕೆಲಸವನ್ನು ಕಿತ್ತುಕೊಂಡೇಬಿಡಬಾರದೇಕೆ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಕರ್ನಾಟಕದಲ್ಲಿ ಮನೆಗೆ ವೈರಿಂಗ್ ಮಾಡಲು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರೇ ಬೇಕು. ವಿದ್ಯುತ್ತಿಗೆ ಸಲ್ಲುವ ನ್ಯಾಯ ಪೆಟ್ರೋಲಿಗೆ ಏಕೆ ಸಲ್ಲದು?

ವೈರಿಂಗ್ ಒಮ್ಮೆ ಮಾಡಿಸಿದರೆ ಹತ್ತಿಪ್ಪತ್ತು ವರ್ಷ ಬಾಳುತ್ತದೆ, ಗೋಡೆಯೊಳಗೆ ಹೂತುಹೋಗಿ ಕಣ್ಣಿಗೆ ಕಾಣುವುದಿಲ್ಲ. ಗಾಡಿಯ ಇಂಧನ ವ್ಯವಸ್ಥೆ ಆಗಾಗ ಕೈ ಬೇಡುವಂಥದ್ದು, ಕೆಟ್ಟರೆ ಕೆಟ್ಟ ಜಾಗದಲ್ಲೇ ಕೆಡುವಂಥದ್ದು. ಎಚ್.ಡಿ. ಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಹಾದುಹೋಗುತ್ತದೆ. ಸಂಜೆ ಆರಕ್ಕೆ ಗೇಟು ಮುಚ್ಚುತ್ತದೆ. ಅಲ್ಲಿ ಐದೂವರೆಗೆ ಪೆಟ್ರೋಲ್ ಪೈಪಿನ ಕ್ಲಿಪ್ಪು ಬಿಚ್ಚಿಕೊಂಡರೆ ಮತ್ತೆ ಬಿಗಿಯಲು ಗೊತ್ತಿರುವವನು ಗೇಟು ದಾಟುತ್ತಾನೆ, ಗೊತ್ತಿಲ್ಲದವನು ಆನೆಗಳ ನಡುವೆ ಉಳಿಯುತ್ತಾನೆ. ಹಲವು ಕಂಪನಿಗಳ ಅಧಿಕೃತ ಸರ್ವಿಸ್‌ಗೆ ಪಿರಿಯಾಪಟ್ಟಣದವರು, ಕೋಟೆಯವರು ಮೈಸೂರಿನತ್ತ ಮುಖ ಮಾಡಬೇಕು. ಹೋಗಿ ಬರುವುದಕ್ಕೆ ನೂರು ಕಿಲೋಮೀಟರ್ ಮೇಲಾಗುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ. ಸೋರುವ ಗಾಡಿಯನ್ನು ನೂರು ಕಿಲೋಮೀಟರ್ ಓಡಿಸುವುದಕ್ಕಿಂತ ಅಂಗಳದಲ್ಲೇ ಇಪ್ಪತ್ತು ನಿಮಿಷದಲ್ಲಿ ಹೋಸು ಬದಲಿಸುವುದು ಎಲ್ಲರಿಗೂ ಕ್ಷೇಮ. ನಿಷೇಧ ಹೇರಿದರೆ ರಿಪೇರಿ ನಿಲ್ಲುವುದಿಲ್ಲ. ರಾತ್ರಿ ಹೊತ್ತಿನಲ್ಲಿ, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ನಡೆಯುತ್ತದೆ. ಪೆಟ್ರೋಲಿನ ಕೆಲಸ ನಡೆಯಲೇಬಾರದ ಜಾಗ ಅದು.

ಇನ್ನೊಂದು ಕಾರಣ ತೀರಾ ಈಚಿನದು. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ತುಂಬಿಕೊಂಡಿತು. ಮೂಲ ಗುರಿ 2030 ಆಗಿತ್ತು, ಐದು ವರ್ಷ ಮೊದಲೇ ಮುಟ್ಟಿದರು. ಇ20ಕ್ಕೆ ಒಗ್ಗುವ ರಬ್ಬರು, ಪ್ಲಾಸ್ಟಿಕ್ ಭಾಗಗಳು ಕಡ್ಡಾಯವಾದದ್ದು 2023ರ ಏಪ್ರಿಲ್ ನಂತರದ ಕಾರುಗಳಿಗೆ. ಅದಕ್ಕೂ ಹಿಂದಿನ ಕಾರುಗಳಲ್ಲಿ, ಅಂದರೆ ಕೆಎ-45ರ ಹಳ್ಳಿಗಳ ಬಹುಪಾಲು ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ, ಎಥನಾಲ್ ಹಳೆಯ ರಬ್ಬರ್ ಹೋಸನ್ನೂ ಗ್ಯಾಸ್ಕೆಟ್ಟನ್ನೂ ಬೇಗ ಸವೆಸಬಹುದು. ಗಾಳಿಯ ತೇವ ಹೀರಿಕೊಳ್ಳುವ ಅದರ ಗುಣದಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಬಹುದು. ಇ10ಕ್ಕೆ ಹದಗೊಳಿಸಿದ ಹಳೆಯ ಮಾದರಿಯ ಕಾರಿನಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 2025ರ ಆಗಸ್ಟಿನಲ್ಲಿ ಕೇಂದ್ರದ ಪೆಟ್ರೋಲಿಯಂ ಸಚಿವಾಲಯ ಹಾನಿಯ ಭಯ ಅತಿಶಯವೆಂದು ಹೇಳುತ್ತಲೇ, ಕೆಲವು ಹಳೆಯ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರು ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು, ಅದು ಅಗ್ಗದ ಮಾಮೂಲಿ ಕೆಲಸ ಎಂದಿತು. ಅಗ್ಗದ ಮಾಮೂಲಿ ಕೆಲಸ ಎಂದು ಸರ್ಕಾರವೇ ಕರೆದ ಮೇಲೆ ಅದನ್ನು ಮಾಡಿಕೊಳ್ಳುವ ಕೈಗಳಿಗೆ ದಾರಿ ತೋರಿಸುವುದೂ ಸರ್ಕಾರದ್ದೇ ಹೊಣೆ. ಯಾವ ಕಾರಿನ ಯಾವ ಹೋಸು, ಯಾವ ಗ್ಯಾಸ್ಕೆಟ್ಟು ಎಂಬ ಪಟ್ಟಿ ಕನ್ನಡದಲ್ಲಿ ಹಳ್ಳಿಯ ಮಾಲೀಕನ ಕೈಗೆ ಬಂದಿಲ್ಲ.

ಪಟ್ಟಿ ಇರುವುದು ಕಂಪನಿಗಳ ಬಳಿ, ಅವರದನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದಾರೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ರಿಪೇರಿ ಕೈಪಿಡಿಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅವುಗಳ ತಪ್ಪು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು ಎಂದೂ ಆಯೋಗ ಹೇಳಿತು. ಕೆಟ್ಟ ರಿಪೇರಿಯಿಂದಾದ ಹಾನಿಯನ್ನು ಕಂಪನಿ ಹೊರಬೇಕಿಲ್ಲ ಎಂಬುದು ಬೇರೆ ಮಾತು. ದಂಡದ ವಿವಾದ ಮೇಲಿನ ನ್ಯಾಯಮಂಡಳಿಗಳಿಗೆ ಏರಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ಮಾಡಿ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ಸಾಮಾನುಗಳ ಜೊತೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಹಕ್ಕೆಂದು ಕಾನೂನಿನಲ್ಲಿ ಬರೆಯುವ ಕೆಲಸ ಮಾತ್ರ ಹಿಂದೆ ಉಳಿಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ ಕಾರು ರಿಪೇರಿಯ ಮಾಹಿತಿಯನ್ನು ಕಂಪನಿಗಳಿಂದ ಬಿಡಿಸಿಕೊಂಡಿದ್ದರು.

ಮಾಹಿತಿ ಸಿಕ್ಕರೂ ಎಲ್ಲ ಕೆಲಸವೂ ಮನೆಯದಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಪಂಪ್‌ಸೆಟ್ಟಿನ ನಟ್ಟು ಸಡಿಲಿಸಿ ಏರ್ ತೆಗೆದ ಅಭ್ಯಾಸದಲ್ಲಿ ಯಾರಾದರೂ ಇಂದಿನ ಕಾಮನ್ ರೈಲ್ ಡೀಸೆಲ್ ಕಾರಿನ ಪೈಪಿಗೆ, ಎಂಜಿನ್ ಓಡುತ್ತಿರುವಾಗ, ಸ್ಪ್ಯಾನರ್ ಹಾಕಿದರೆ ಅದು ಜೀವಕ್ಕೇ ಕುತ್ತು. ಹಳೆಯ ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ಒತ್ತಡವೆಂಬುದೇ ಹೆಚ್ಚುಕಡಿಮೆ ಇಲ್ಲ. ಎಂಪಿಎಫ್‌ಐ ಪೆಟ್ರೋಲ್ ಕಾರಿನಲ್ಲಿ ಮೂರು ಬಾರ್ ಆಸುಪಾಸು. ಕಾಮನ್ ರೈಲಿನಲ್ಲಿ ಸಾವಿರ ದಾಟಿ ಎರಡು ಸಾವಿರ ಬಾರ್‌ವರೆಗೆ. ಆ ಒತ್ತಡದಲ್ಲಿ ಕೂದಲೆಳೆಯಷ್ಟು ಸಂದಿಯಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ಮಾಂಸ ಕೊಳೆತು ಬೆರಳನ್ನೋ ಕೈಯನ್ನೋ ತೆಗೆಯಬೇಕಾದೀತು. ಅದನ್ನು ಕಂಡವರು ಮನೆಮದ್ದು ಮಾಡದೆ ಆ ಗಳಿಗೆಯಲ್ಲೇ ಮೈಸೂರಿನ ದೊಡ್ಡಾಸ್ಪತ್ರೆಗೆ ಓಡಬೇಕು. ಎಂಪಿಎಫ್‌ಐ ಕಾರಿನಲ್ಲೂ ಪಂಪಿನ ಫ್ಯೂಸು ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಲೈನಿನ ಒತ್ತಡ ಇಳಿಸಿ, ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚದೆ ಪೈಪಿಗೆ ಕೈಹಾಕುವಂತಿಲ್ಲ. ಬಯಲಿನಲ್ಲಿ, ಹಗಲಿನಲ್ಲಿ, ಪುಡಿ ತುಂಬಿದ ಅಗ್ನಿಶಾಮಕ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ ಇದು. ನೀರಿನ ಬಕೆಟ್ ಉಪಯೋಗಕ್ಕಿಲ್ಲ. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ.

ಈ ನಾಲ್ಕು ಮಾತನ್ನು ಡ್ರೈವಿಂಗ್ ಸ್ಕೂಲು ಕಲಿಸುವುದಿಲ್ಲ, ಎಲ್‌ಎಲ್‌ಆರ್ ಪರೀಕ್ಷೆ ಕೇಳುವುದಿಲ್ಲ. ಹೇಳಿಕೊಡಲು ತಕ್ಕ ಹೊತ್ತು ಆರ್‌ಸಿ ನವೀಕರಣದ್ದು. ಸ್ವಂತ ಕಾರಿಗೆ ನೋಂದಣಿ 15 ವರ್ಷದವರೆಗೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000ಕ್ಕೆ ಏರಿಸಲಾಯಿತು. ಅಷ್ಟು ಹಣ ಕಟ್ಟಿ ಹುಣಸೂರಿನ ಸಾರಿಗೆ ಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲುವ ಮಾಲೀಕರ ಕಾರುಗಳೇ ಇ20ರಿಂದ ಹೋಸು, ಗ್ಯಾಸ್ಕೆಟ್ಟು ಬದಲಿಸಬೇಕಾದ ಕಾರುಗಳು. ಇನ್‌ಸ್ಪೆಕ್ಟರು ದೀಪ, ಹಾರ್ನು, ಬ್ರೇಕು ನೋಡುವಾಗ ಪೆಟ್ರೋಲ್ ಹೋಸನ್ನೂ ಒಮ್ಮೆ ಬೆರಳಲ್ಲಿ ಹಿಚುಕಿ ನೋಡಲಿ. ಬಿರುಕು ಕಂಡರೆ ಆ ಮಾದರಿಯ ಕಾರಿಗೆ ಬೇಕಾದ ಹೋಸಿನ ಅಳತೆ, ಬಿಚ್ಚುವ ಕ್ರಮ, ಮನೆಯಲ್ಲಿ ಮಾಡಬಾರದ ಕೆಲಸಗಳು ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಆರ್‌ಸಿಯ ಜೊತೆ ಕೊಡಲಿ. ಹಾಳೆ ಬರೆದುಕೊಡುವ ಕೆಲಸ ಕಂಪನಿಗಳದು, ಬರೆಸುವ ಅಧಿಕಾರ ಸಾರಿಗೆ ಇಲಾಖೆಯದು, ಅದರ ಖರ್ಚಿಗೆ ಸಾಕಾಗುವಷ್ಟು ಹಣವನ್ನು ಮಾಲೀಕ ಆಗಲೇ ಕೌಂಟರಿನಲ್ಲಿ ಕಟ್ಟಿದ್ದಾನೆ.